ಹಗ್ಗದ ನಾಯಿಯೂ ಓಣಿಯ ನಾಯಿಯೂ: ಸಿರಸಂಗಿಯ ಒಂದು ನಿದರ್ಶನ

ಸವದತ್ತಿ ತಾಲೂಕಿನ ಸಿರಸಂಗಿಯನ್ನು ಇತಿಹಾಸದ ವಿದ್ಯಾರ್ಥಿಗಳು ಎರಡು ಕಾರಣಗಳಿಗಾಗಿ ಬಲ್ಲರು. ಮೊದಲನೆಯದು ಕಾಳಿಕಾದೇವಿಯ ಪ್ರಾಚೀನ ದೇವಾಲಯ. ಎರಡನೆಯದು, ತಮ್ಮ ಆಸ್ತಿಯನ್ನು ವಿದ್ಯಾಪ್ರಸಾರಕ್ಕಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರ ಮನೆತನ. ನಾವು ಆ ಊರಿಗೆ ಹೋದುದೂ ದೇವಾಲಯದ ಶಾಸನಗಳನ್ನು ನೋಡುವುದಕ್ಕಾಗಿಯೇ. ಆದರೆ ನಾವು ಇಳಿದುಕೊಂಡಿದ್ದ ಒಕ್ಕಲಿಗರ ಮನೆಯಲ್ಲಿ ಒಂದು ನಾಯಿಯಿತ್ತು. ಆ ನಾಯಿಯ ವಿಷಯವಾಗಿ ಆ ಮನೆಯಲ್ಲಿ ಒಂದು ವಾದವೂ ನಡೆದಿತ್ತು. ಶಾಸನಗಳ ಕೆಲಸ ಮುಗಿದ ಮೇಲೆಯೂ ಆ ವಾದವು ನಮ್ಮನ್ನು ಬಿಡಲಿಲ್ಲ. ಈ ಲೇಖನವು ಅದರಿಂದ ಹುಟ್ಟಿದುದು.

ನಾಯಿಯು ಮುಧೋಳದ ತಳಿಯದು. ಎರಡು ತಿಂಗಳ ಮರಿಯಾಗಿದ್ದಾಗ ರಾಮದುರ್ಗದಾಚೆಯ ಲೋಕಾಪುರದ ಕಡೆಯಿಂದ ತಂದುದು. ನಾವು ನೋಡಿದಾಗ ಅದಕ್ಕೆ ಮೂರು ವರ್ಷ. ಹೆಸರು ರಾಜಾ. ಉದ್ದನೆಯ ಮೋರೆ, ಬತ್ತಿದ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು. ಮನೆಯೊಳಗೆ ಅದರ ಧ್ವನಿಯೇ ಕೇಳಿಸದು. ಬೆಳಿಗ್ಗೆಯೂ ಸಂಜೆಯೂ ಅದನ್ನು ಹಗ್ಗಹಿಡಿದು ಎರಡು ಓಣಿಗಳನ್ನು ದಾಟಿಸಿ ಹೊಲದ ದಾರಿಗೆ ಒಯ್ಯುತ್ತಿದ್ದರು. ತೊಂದರೆಯಿದ್ದುದು ಆ ಎರಡು ಓಣಿಗಳಲ್ಲಿ. ಬೇರೊಂದು ನಾಯಿ ಕಣ್ಣಿಗೆ ಬಿದ್ದೊಡನೆ ಅದರ ಮೈ ಸೆಟೆಯುತ್ತಿತ್ತು. ಮರುಕ್ಷಣವೇ ಎರಡು ಕಾಲಿನ ಮೇಲೆ ನಿಂತು ಹಗ್ಗವನ್ನು ಜಗ್ಗಿ, ಕೊರಳು ಬಿಗಿದು ಕೆಮ್ಮು ಬರುವವರೆಗೆ ಅಬ್ಬರಿಸುತ್ತಿತ್ತು. ಮನೆಯ ಹಿರಿಯರು ನಮ್ಮೊಡನೆ ಹೇಳಿದ ಮಾತು ಇದು: “ಏನ್ ಹೇಳೂದ್ರಿ ಸರ, ಮನ್ಯಾಗ ಆಕಳ ಹಂಗ ಇರತೈತಿ. ಓಣ್ಯಾಗ ಇನ್ನೊಂದ ನಾಯಿ ಕಂಡ್ರ ಸಾಕು, ಮೈಮ್ಯಾಲ ದೇವರ ಬಂದಂಗ ಮಾಡತೈತಿ.” ಅದನ್ನು ಅಡಗಿಸಲು ಅವರ ಮಗ ಕೈಯಲ್ಲೊಂದು ಬೆತ್ತ ಹಿಡಿಯುವುದನ್ನು ರೂಢಿಸಿಕೊಂಡಿದ್ದನು. ಹೀಗಿರಲು ಒಂದು ಸಂಜೆ ಹನ್ನೆರಡು ವರ್ಷದ ಮೊಮ್ಮಗನು ಹಗ್ಗ ಹಿಡಿದಿದ್ದಾಗ ಎರಡು ಓಣಿನಾಯಿಗಳು ಎದುರಾದುವು. ಹುಡುಗನು ಕೊರಳಪಟ್ಟಿಗೆ ಕೈಹಾಕಿ ಎಳೆದನು. ನಾಯಿಯು ಹಿಂದಿರುಗಿ ಅವನ ಮುಂಗೈಯನ್ನು ಕಚ್ಚಿತು. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ನಾಯಿಯನ್ನು ಹೊಲದಲ್ಲಿ ಸರಪಳಿಗೆ ಕಟ್ಟಿಬಿಡಬೇಕೆಂದು ಹುಡುಗನ ತಾಯಿ. ತಪ್ಪು ನಾಯಿಯದಲ್ಲವೆಂದು ಸ್ವತಃ ಆ ಹುಡುಗ.

ನಮ್ಮ ವಿಚಾರವು ಹುಡುಗನ ಪಕ್ಷದ್ದು. ಆದರೆ ಅವನಿಗೆ ತನ್ನ ಪಕ್ಷವನ್ನು ಸಮರ್ಥಿಸುವ ಮಾತುಗಳು ಸಿಕ್ಕಿರಲಿಲ್ಲ. ಅವನ ತಾಯಿಗಾದರೋ ಗಾಯವೇ ಸಾಕ್ಷಿಯಾಗಿತ್ತು. ಆದುದರಿಂದ ಈ ನಡತೆಯು ಎಲ್ಲಿಂದ ಹುಟ್ಟುತ್ತದೆ, ಅದನ್ನು ಹೇಗೆ ನಡೆಸಿಕೊಳ್ಳಬಹುದು ಎಂಬೆರಡನ್ನೂ ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ.

ನಮ್ಮ ಜನರ ಗಾದೆಗಳು ಈ ವಿಷಯದಲ್ಲಿ ಒಂದೇ ತೀರ್ಪನ್ನು ಕೊಡುವುದಿಲ್ಲ. ನಾಯಿಯ ಬಾಲವು ನಳಿಗೆಯಲ್ಲಿಟ್ಟರೂ ಡೊಂಕೆಂಬ ಗಾದೆಯು ಸ್ವಭಾವವು ಬದಲಾಗದೆಂದು ಹೇಳುತ್ತದೆ. ತನ್ನ ಬೀದಿಯಲ್ಲಿ ನಾಯಿಯೂ ಸಿಂಹವೆಂಬ ಗಾದೆಯು, ಅದೇ ನಾಯಿ ಬೇರೆ ಬೀದಿಯಲ್ಲಿ ಸಿಂಹವಲ್ಲವೆಂಬುದನ್ನು, ಎಂದರೆ ನಡತೆಯು ಸ್ಥಳವನ್ನು ಅವಲಂಬಿಸಿದೆಯೆಂಬುದನ್ನು ಸೂಚಿಸುತ್ತದೆ. ಬೊಗಳುವ ನಾಯಿ ಕಚ್ಚದೆಂಬುದು ಮೂರನೆಯದು. ಇದನ್ನು ನಂಬಿ ಕೈಚಾಚಿದವರು ಅನೇಕರು ಪಶ್ಚಾತ್ತಾಪಪಟ್ಟಿದ್ದಾರೆ. ನಮಗೆ ಉಪಯುಕ್ತವಾದುದು ಎರಡನೆಯದು. ಅದಕ್ಕೆ ನಾವು ಸೇರಿಸಬೇಕಾದ ಮಾತು ಇಷ್ಟೇ: ಸ್ಥಳದಂತೆ ಹಗ್ಗವೂ ನಡತೆಯನ್ನು ಬದಲಿಸುತ್ತದೆ.

ಕನ್ನಡನಾಡಿನಲ್ಲಿ ನಾಯಿಯ ಇತಿಹಾಸವನ್ನು ಬರೆಯುವವರು ಆತಕೂರಿನ ಶಾಸನವನ್ನು ಬಿಟ್ಟು ಆರಂಭಿಸುವಂತಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆ ಊರಿನ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದುದನ್ನೂ, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದುದನ್ನೂ ಅದು ಹೇಳುವುದರಿಂದ ರಾಜಕೀಯ ಇತಿಹಾಸಕಾರರು ಅದನ್ನು ಪದೇ ಪದೇ ಉದಾಹರಿಸುತ್ತಾರೆ. ಆದರೆ ಕಲ್ಲನ್ನು ನಿಲ್ಲಿಸಿದುದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಕೇಳಲೆನಾಡಿನ ಒಂದು ಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಟ್ಟರು; ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲು ನೆಟ್ಟು, ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಕೊಟ್ಟರು. ಆ ಸ್ಥಾನದ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಪವೂ ಉಂಟು. ನಾಯಿಗೆ ಇಷ್ಟು ಗೌರವವನ್ನು ಕೊಟ್ಟ ಜನರೂ ಅದರ ಪಾಪದ ಲೆಕ್ಕವನ್ನು ಮಾತ್ರ ಮರೆಯಲಿಲ್ಲವೆಂಬುದು ಸ್ವಾರಸ್ಯವಾಗಿದೆ.

ನಮ್ಮ ವಿಷಯಕ್ಕೆ ಈ ಶಾಸನದಲ್ಲಿ ಮುಖ್ಯವಾದುದು ಒಂದೇ ಕ್ರಿಯಾಪದ: ನಾಯಿಯನ್ನು ‘ಬಿಟ್ಟರು’. ಬೇಟೆಗಾರನ ಕೈಯಲ್ಲಿ ಹಗ್ಗವಿರಲಿಲ್ಲವೆಂದು ಇದರ ಅರ್ಥವಲ್ಲ. ಬಿಡಬೇಕಾದರೆ ಮೊದಲು ಹಿಡಿದಿರಲೇಬೇಕು. ಆದರೆ ಅಲ್ಲಿ ಹಿಡಿಯುವುದು ಬಿಡುವುದಕ್ಕೆ ಪೂರ್ವಭಾವಿಯಾದುದು. ಹಗ್ಗದ ಕೊನೆಯಲ್ಲಿ ಓಟವಿತ್ತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು (1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸಾರಮೇಯ ವಿನೋದವೆಂಬ ಪ್ರಕರಣವೇ ಉಂಟು. ಅರಸರ ವಿನೋದಗಳ ಸಾಲಿನಲ್ಲಿ ನಾಯಿಗಳಿಗೂ ಬೇಟೆಗೂ ಒಂದು ಶಾಸ್ತ್ರವನ್ನು ಬರೆಯುವಷ್ಟು ಆ ವಿದ್ಯೆಯು ಬೆಳೆದಿದ್ದಿತು. ಇನ್ನು ಜನಪದದಲ್ಲಿ ನೋಡಿದರೆ, ಮೈಲಾರಲಿಂಗನ ಗೊರವರು ಜಾತ್ರೆಗಳಲ್ಲಿ ತಾವೇ ದೇವರ ನಾಯಿಗಳಾಗಿ ಬೊಗಳುತ್ತಾರೆ. ದೋಣಿಯಲ್ಲಿ ಹಾಕಿದ ಹಾಲು ಬಾಳೆಹಣ್ಣುಗಳನ್ನು ಬಾಯಿಯಿಂದಲೇ ತಿನ್ನುತ್ತ ಒಬ್ಬರ ಮೇಲೊಬ್ಬರು ಗುರುಗುಟ್ಟುತ್ತಾರೆ. ನಾಯಿ ನಾಯಿಗಳ ಜಗಳವನ್ನು ಇಷ್ಟು ಹತ್ತಿರದಿಂದ ಕಂಡು ಸೇವೆಯಾಗಿ ಮಾರ್ಪಡಿಸಿದ ಜನರು, ಆ ಜಗಳದಲ್ಲಿ ಬಹುಪಾಲು ಸದ್ದೇ ಇದ್ದು ಗಾಯಗಳು ಕಡಿಮೆಯೆಂಬುದನ್ನೂ ಅರಿತಿದ್ದರೆಂದು ನಮಗೆ ತೋರುತ್ತದೆ.

ಮುಧೋಳದ ನಾಯಿಯು ಈ ಬಿಡುವ ಪರಂಪರೆಯ ಕೊನೆಯ ಕೊಂಡಿ. ಅದು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯನ್ನು ಹಿಡಿಯುವ ವರ್ಗಕ್ಕೆ ಸೇರಿದುದು. ದೂರದಲ್ಲಿ ಅಲುಗಿದುದು ಅದಕ್ಕೆ ಥಟ್ಟನೆ ಕಾಣುತ್ತದೆ, ಕಂಡೊಡನೆ ಓಡಬೇಕೆನಿಸುತ್ತದೆ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದರು. ಮಾಲೋಜಿರಾವ್ ಘೋರ್ಪಡೆಯವರು ಒಂದು ಜೋಡಿಯನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಕಾಣಿಕೆಯಾಗಿ ಕೊಟ್ಟುದು ಪ್ರಸಿದ್ಧವಾಗಿದೆ. 1948ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಅರಮನೆಯ ಆಶ್ರಯ ತಪ್ಪಿತು. ರೈತರೂ ಬೇಟೆಯ ಜನರೂ ತಳಿಯನ್ನು ಉಳಿಸಿಕೊಂಡರು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. 2016ರಲ್ಲಿ ಸೈನ್ಯವು ಇದರ ಮರಿಗಳನ್ನು ಮೇರಠದ ಕೇಂದ್ರಕ್ಕೆ ಶಿಕ್ಷಣಕ್ಕಾಗಿ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದರ ಹೆಸರೆತ್ತಿದರು. ಹೀಗೆ ಕೀರ್ತಿಯು ಬೆಳೆದಂತೆ, ಮೊಲದ ಹಿಂದೆ ಓಡುವುದಕ್ಕಾಗಿಯೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಪ್ರಾಣಿಯು ಓಣಿಯ ಮನೆಗಳ ಅಂಗಳದಲ್ಲಿ ಕಟ್ಟುಬಿದ್ದಿತು.

ಈ ನಡುವೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದು, ಮೊಲದ ಬೇಟೆಯೂ ಅಪರಾಧವಾಯಿತು. ಆ ಕಾಯಿದೆಯು ಅವಶ್ಯವಾದುದೇ. ಅದರ ಮೇಲೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಆದರೆ ಬೇಟೆ ನಿಂತ ಮೇಲೆ ಬೇಟೆನಾಯಿಯ ದಿನವನ್ನು ಹೇಗೆ ತುಂಬಬೇಕೆಂದು ಯಾರೂ ಯೋಚಿಸಲಿಲ್ಲ. ಇದಕ್ಕೂ ಹಿಂದಿನ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 11ನೆಯ ಕಲಮಿನಲ್ಲಿ ಬಹಳ ಜನರ ಗಮನಕ್ಕೆ ಬಾರದ ಒಂದು ವಿಧಿಯುಂಟು: ಸದಾ ಸರಪಳಿಯಲ್ಲಿ ಕಟ್ಟಿರುವ ಅಥವಾ ಕೂಡಿಹಾಕಿರುವ ನಾಯಿಗೆ ತಕ್ಕಷ್ಟು ವ್ಯಾಯಾಮವನ್ನು ಮಾಡಿಸದೆ ಅಲಕ್ಷಿಸುವುದು ಕ್ರೌರ್ಯವೆಂದು ಅದು ಗಣಿಸುತ್ತದೆ. ಎಂದರೆ ಸಿರಸಂಗಿಯ ಆ ತಾಯಿಯು ಸೂಚಿಸಿದ ಹೊಲದ ಸರಪಳಿಯು, ವ್ಯಾಯಾಮವಿಲ್ಲದೆ ಹೋದರೆ, ಕಾಯಿದೆಗೇ ವಿರುದ್ಧ. ನಾಯಿಯನ್ನು ನಡೆಸಲೇಬೇಕು, ನಡೆಸಬೇಕಾದರೆ ಓಣಿಯನ್ನು ದಾಟಲೇಬೇಕು, ಓಣಿಯಲ್ಲಿ ಬೇರೆ ನಾಯಿಗಳಿದ್ದೇ ಇರುತ್ತವೆ.

ಹಗ್ಗವು ನಾಯಿಯನ್ನು ಏನು ಮಾಡುತ್ತದೆ? ಬಿಡುವಾಗಿರುವ ಎರಡು ನಾಯಿಗಳು ಎದುರಾದಾಗ ನೇರವಾಗಿ ಮೋರೆಗೆ ಮೋರೆ ಕೊಟ್ಟು ಬರುವುದು ಅಪರೂಪ. ಅವು ಬಳಸಿ ಬರುತ್ತವೆ, ಮುಖ ತಿರುಗಿಸುತ್ತವೆ, ಇಲ್ಲದ ವಾಸನೆಯನ್ನು ನೆಲದಲ್ಲಿ ಹುಡುಕುತ್ತ ನಿಲ್ಲುತ್ತವೆ, ಮಗ್ಗುಲಿಂದ ಬಂದು ಮೂಸುತ್ತವೆ, ಒಪ್ಪದಿದ್ದರೆ ದೂರ ಸರಿಯುತ್ತವೆ. ಇದು ಅವುಗಳ ಮರ್ಯಾದೆ. ಹಗ್ಗವು ಈ ಮರ್ಯಾದೆಯನ್ನೆಲ್ಲ ಕೆಡಿಸುತ್ತದೆ. ಹಿಡಿದವನು ದಾರಿಯ ನಡುವೆ ನೇರವಾಗಿ ನಡೆಯುತ್ತಾನೆ. ಎದುರು ನಾಯಿಯನ್ನು ಕಂಡು ಹಗ್ಗವನ್ನು ಗಿಡ್ಡ ಮಾಡುತ್ತಾನೆ. ನಾಯಿಯ ಕತ್ತು ಮೇಲಕ್ಕೆ ಸೆಳೆದು, ಎದೆ ಮುಂದಾಗಿ, ಅದರ ಭಂಗಿಯೇ ಕಾದಾಟಕ್ಕೆ ಕರೆದಂತೆ ಕಾಣುತ್ತದೆ. ಸರಿದುಹೋಗಬೇಕೆಂದರೆ ದಾರಿಯಿಲ್ಲ, ಹತ್ತಿರ ಹೋಗಿ ಮೂಸಬೇಕೆಂದರೂ ದಾರಿಯಿಲ್ಲ. ಭಯಪಟ್ಟ ನಾಯಿಗೂ ಕುತೂಹಲಪಟ್ಟ ನಾಯಿಗೂ ಉಳಿಯುವುದು ಬೊಗಳುವುದೊಂದೇ.

ಪ್ರಾಣಿಗಳ ನಡತೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್‌ ಇದನ್ನು ಹೋಲುವ ಒಂದು ಘಟನೆಯನ್ನು ಹೇಳಿದ್ದಾರೆ. ಅವರ ನಾಯಿಯೂ ನೆರೆಯವರ ನಾಯಿಯೂ ನಡುವಿನ ಬೇಲಿಯುದ್ದಕ್ಕೂ ದಿನವೂ ಪರಸ್ಪರ ಅಬ್ಬರಿಸುತ್ತ ಓಡುತ್ತಿದ್ದುವು. ಒಂದು ದಿನ ಬೇಲಿಯ ಒಂದು ಭಾಗವನ್ನು ದುರಸ್ತಿಗಾಗಿ ತೆಗೆದಿದ್ದರು. ಎಂದಿನಂತೆ ಓಡುತ್ತ ಬಂದ ನಾಯಿಗಳೆರಡೂ ಬೇಲಿಯಿಲ್ಲದಲ್ಲಿ ಎದುರುಬದರಾಗಿ ನಿಂತು ಬೆಪ್ಪಾದುವು. ಬಳಿಕ ಎರಡೂ ತಿರುಗಿ, ಬೇಲಿ ಉಳಿದಿದ್ದ ಕಡೆಗೆ ಓಡಿ, ಅಲ್ಲಿ ಮತ್ತೆ ಬೊಗಳತೊಡಗಿದುವು. ಇವುಗಳ ಶೌರ್ಯವು ಬೇಲಿಯಿಂದ ಹುಟ್ಟಿದುದೆಂದು ಓದುಗರು ನಗಬಹುದು. ಆದರೆ ಹಗ್ಗವೂ ಒಂದು ಬೇಲಿಯೇ. ನಾಯಿಯ ಕೊರಳಿಗೆ ಕಟ್ಟಿಕೊಂಡು ಅದರೊಡನೆ ನಡೆಯುವ ಬೇಲಿ. (ಇದನ್ನು ಓದಿ ಯಾರೂ ಹಗ್ಗವನ್ನು ಬಿಚ್ಚಿ ಪರೀಕ್ಷಿಸಬಾರದು. ಲೊರೆನ್ಜರ ನಾಯಿಗಳು ಹಳೆಯ ಪರಿಚಯದವು. ಸಿರಸಂಗಿಯ ಓಣಿಯಲ್ಲಿ ಹಾಗಲ್ಲ.)

ಇನ್ನೊಂದು ವಿಚಾರವು ದೂರದ್ದು. ಸ್ವಿಟ್ಸರ್ಲೆಂಡಿನ ಪ್ರಾಣಿಸಂಗ್ರಹಾಲಯಗಳ ನಿರ್ದೇಶಕರಾಗಿದ್ದ ಹೈನಿ ಹೆಡಿಗರ್ ಅವರು, ಪ್ರತಿಯೊಂದು ಪ್ರಾಣಿಗೂ ವೈರಿಯು ಎಷ್ಟು ಸಮೀಪಿಸಿದರೆ ಓಡಬೇಕೆಂಬ ಒಂದು ಪಲಾಯನದ ದೂರವಿದೆಯೆಂದೂ, ಓಡಲು ಎಡೆಯಿಲ್ಲದೆ ಅದಕ್ಕಿಂತ ಹತ್ತಿರ ಬಂದಾಗ ಅದೇ ಪ್ರಾಣಿ ಮೇಲೆ ಬೀಳುವುದೆಂದೂ ತೋರಿಸಿದರು. ಓಣಿಯಲ್ಲಿ ಹಗ್ಗದ ನಾಯಿಯ ಸ್ಥಿತಿ ಸರಿಯಾಗಿ ಇದೇ. ಓಣಿ ಇಕ್ಕಟ್ಟಾದಷ್ಟೂ ದೂರ ಕಡಿಮೆ, ಸಿಟ್ಟು ಹೆಚ್ಚು. ವಿಸ್ತಾರವಾದ ಎರೆಹೊಲದಲ್ಲಿ ಅದೇ ಎರಡು ನಾಯಿಗಳು ಒಂದನ್ನೊಂದು ನೋಡಿಯೂ ನೋಡದಂತೆ ಹೋದಾವು.

ಬೆತ್ತವು ಏಕೆ ಕೆಲಸ ಮಾಡಲಿಲ್ಲವೆಂಬುದಕ್ಕೆ ಉತ್ತರವನ್ನು ರಷ್ಯಾದ ಪಾವ್ಲೋವರಿಂದ ಪಡೆಯಬಹುದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ಅವರು, ಆಹಾರದೊಡನೆ ಮತ್ತೆ ಮತ್ತೆ ಕೂಡಿಬಂದ ಒಂದು ಸಂಕೇತವು ತಾನೇ ನಾಯಿಯ ಬಾಯಲ್ಲಿ ನೀರೂರಿಸುವುದೆಂದು ಕಂಡುಹಿಡಿದರು. ಸಿಹಿಯೊಡನೆ ಕೂಡಿದ ಸಂಕೇತ ಸಿಹಿಯಾಗುವಂತೆ ನೋವಿನೊಡನೆ ಕೂಡಿದ ಸಂಕೇತ ನೋವಾಗುತ್ತದೆ. ರಾಜಾನ ಲೆಕ್ಕದಲ್ಲಿ ಬೇರೊಂದು ನಾಯಿ ಕಾಣಿಸಿತೆಂದರೆ ಕೊರಳು ಬಿಗಿಯುತ್ತದೆ, ಬೆನ್ನಿಗೆ ಬೆತ್ತ ಬೀಳುತ್ತದೆ, ಯಜಮಾನನ ಧ್ವನಿ ಏರುತ್ತದೆ. ತಾನು ಬೊಗಳಿದುದಕ್ಕೆ ಈ ಶಿಕ್ಷೆಯೆಂದು ಅದು ತಿಳಿಯಲಿಲ್ಲ. ಆ ಓಣಿನಾಯಿಯಿಂದಲೇ ಇದೆಲ್ಲ ಬಂದಿತೆಂದು ತಿಳಿಯಿತು. ಆದುದರಿಂದ ಒಂದೊಂದು ಪೆಟ್ಟೂ ಮುಂದಿನ ಅಬ್ಬರಕ್ಕೆ ಬೀಜವಾಯಿತು. ಇನ್ನೊಂದು ಅಪಾಯವೂ ಉಂಟು. ಗುರುಗುಟ್ಟಿದುದಕ್ಕಾಗಿ ಹೊಡೆಸಿಕೊಂಡ ನಾಯಿಯು ಗುರುಗುಟ್ಟುವುದನ್ನು ನಿಲ್ಲಿಸಬಹುದು, ಕಚ್ಚುವುದನ್ನಲ್ಲ. ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿಗಳು ಹೀಗೆಯೂ ತಯಾರಾಗುತ್ತವೆ. ಜರ್ಮನಿಯ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಬಲಾತ್ಕಾರಕ್ಕೆ ದೊಡ್ಡ ಸ್ಥಾನವಿತ್ತು. ಪೋಲೀಸು ಹಾಗೂ ಸೈನ್ಯದ ನಾಯಿಗಳ ಮೂಲಕ ಅದು ಲೋಕದಲ್ಲೆಲ್ಲ ಹರಡಿತು. ನಮ್ಮ ಹಳ್ಳಿಯ ಬೆತ್ತಕ್ಕೆ ಮೋಸ್ಟನ ಹಂಗಿಲ್ಲ, ಆದರೆ ಫಲವು ಒಂದೇ.

ಮದ್ದು ಕೂಡ ಪಾವ್ಲೋವರ ತತ್ತ್ವದಲ್ಲಿಯೇ ಇದೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆಯು ಮೊಲಕ್ಕೆ ಹೆದರುತ್ತಿದ್ದ ಪೀಟರನೆಂಬ ಮಗುವಿಗೆ, ಮೊಲವನ್ನು ದೂರದಲ್ಲಿಟ್ಟು ಇಷ್ಟವಾದ ತಿಂಡಿಯನ್ನು ಕೊಡುತ್ತ, ದಿನದಿನವೂ ಮೊಲವನ್ನು ತುಸು ತುಸು ಹತ್ತಿರ ತಂದು ಆ ಭಯವನ್ನು ಕಳೆದಳು. ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆಯು ಪಂಜರಕ್ಕೆ ಹೆದರಿದ ಬೆಕ್ಕುಗಳಿಗೆ, ಮೊದಲು ಪಂಜರದ ಕೋಣೆಯನ್ನು ಅಷ್ಟಾಗಿ ಹೋಲದ ಕೋಣೆಗಳಲ್ಲಿ, ಬರಬರುತ್ತ ಹೆಚ್ಚು ಹೋಲುವ ಕೋಣೆಗಳಲ್ಲಿ ಆಹಾರ ಕೊಟ್ಟು ಗುಣಪಡಿಸಿ, 1958ರಲ್ಲಿ ಇದನ್ನೊಂದು ಶಾಸ್ತ್ರವಾಗಿ ಬರೆದನು. ಇಂದು ನಾಯಿಗಳ ಈ ತೊಂದರೆಗೆ ವೈದ್ಯರು ಹೇಳುವ ಉಪಾಯವು ಇವೆರಡರ ಸಂತತಿಯೇ.

ಸಿರಸಂಗಿಯಲ್ಲಿ ನಾವು ಹುಡುಗನೊಡನೆಯೂ ಅವನ ತಂದೆಯೊಡನೆಯೂ ಕೂಡಿ ಮಾಡಿದುದು ಇಷ್ಟು. ಮೊದಲು ಓಣಿಯ ದಾರಿಯನ್ನೇ ಬಿಟ್ಟೆವು. ಹಿತ್ತಲಿನಿಂದ ಬಣವೆಗಳ ಮಗ್ಗುಲಲ್ಲಿ ಹೊಲಕ್ಕೆ ಇನ್ನೊಂದು ದಾರಿಯಿತ್ತು. ಸುತ್ತು ಹೆಚ್ಚು, ನಾಯಿ ಕಡಿಮೆ. ಎರಡು ವಾರ ರಾಜಾ ಬೇರೆ ನಾಯಿಯನ್ನು ಕಾಣದೆ ನಡೆಯಿತು. ಇದು ಪಲಾಯನವೆಂದು ತಂದೆಯು ಆಕ್ಷೇಪಿಸಿದನು. ಆದರೆ ಪ್ರತಿದಿನವೂ ಒಮ್ಮೆ ಅಬ್ಬರಿಸುವ ನಾಯಿಯು ಪ್ರತಿದಿನವೂ ಅಬ್ಬರಿಸುವುದನ್ನೇ ಅಭ್ಯಾಸ ಮಾಡುತ್ತಿರುತ್ತದೆ. ಪಾಠ ಕಲಿಸುವ ಮುನ್ನ ಹಳೆಯ ಪಾಠವನ್ನು ನಿಲ್ಲಿಸಬೇಕು. ಬೆತ್ತವು ಅಟ್ಟವೇರಿತು. ಕೊರಳಪಟ್ಟಿಯ ಬದಲು ಎದೆಯನ್ನು ಬಳಸಿ ಕಟ್ಟುವ ಅಗಲವಾದ ಪಟ್ಟಿಯನ್ನು ಊರಿನಲ್ಲಿಯೇ ಹೊಲಿಸಿದರು. ಮುಧೋಳ ನಾಯಿಯ ತಲೆ ಕೊರಳಿಗಿಂತ ಹೆಚ್ಚು ದಪ್ಪವಲ್ಲವಾದುದರಿಂದ ಸಾದಾ ಪಟ್ಟಿಯಿಂದ ಅದು ಹಿಂದೆ ಸರಿದು ನುಸುಳಿಕೊಳ್ಳುತ್ತದೆಂಬುದನ್ನೂ ಇಲ್ಲಿ ಹೇಳಬೇಕು.

ಆಮೇಲೆ ದೂರವನ್ನು ಅಳೆದೆವು. ಊರ ಹೊರಗಿನ ಬಯಲಿನಲ್ಲಿ ಪರಿಚಯದವರೊಬ್ಬರ ಸಾಧುವಾದ ಮುದಿನಾಯಿಯನ್ನು ಕೂರಿಸಿ, ರಾಜಾನನ್ನು ದೂರದಿಂದ ತಂದೆವು. ಅಳತೆಯು ಮಾರಿನ ಲೆಕ್ಕದಲ್ಲಿ. ನಲವತ್ತು ಮಾರಿನ ಆಚೆಗೆ ಅದು ಇನ್ನೊಂದು ನಾಯಿಯನ್ನು ನೋಡಿಯೂ ಹುಡುಗನ ಕೈಯ ತಿಂಡಿಯನ್ನು ತಿನ್ನುತ್ತಿತ್ತು. ಇಪ್ಪತ್ತೈದು ಮಾರಿಗೆ ಬಂದಾಗ ಕಿವಿಗಳು ನಿಮಿರಿ, ಬಾಯಿ ಮುಚ್ಚಿ, ತಿಂಡಿಯನ್ನು ಮೂಸಲೂ ಇಲ್ಲ. ಎಲ್ಲಿ ನಾಯಿ ತಿನ್ನುವುದನ್ನು ಬಿಡುತ್ತದೆಯೋ ಅಲ್ಲಿಗೆ ಪಾಠ ಮುಗಿಯಿತೆಂದು ತಿಳಿಯಬೇಕು. ಅದಕ್ಕಿಂತ ಹತ್ತಿರ ಒಯ್ಯುವುದು ವ್ಯರ್ಥ ಮಾತ್ರವಲ್ಲ, ಹಾನಿಕರ. ಕೆಲಸವೆಲ್ಲವೂ ನಲವತ್ತು ಮಾರಿನಲ್ಲಿ ಆರಂಭವಾಯಿತು. ಮುದಿನಾಯಿ ಕಂಡೊಡನೆ ತುಪ್ಪ ಸವರಿದ ರೊಟ್ಟಿಯ ಚೂರು. ಅದು ಮರೆಯಾದೊಡನೆ ಚೂರು ಬಂದ್. ಕ್ರಮವು ಮುಖ್ಯ. ಮೊದಲು ನಾಯಿ ಕಾಣಬೇಕು, ಬಳಿಕ ತಿಂಡಿ ಬರಬೇಕು. ತಿಂಡಿ ಮೊದಲು ಬಂದರೆ ತಿಂಡಿಯೇ ಅಪಾಯದ ಸಂಕೇತವಾದೀತು. ಚೂರುಗಳು ಸಣ್ಣವಾಗಿರಬೇಕು. ಒಣದ್ರಾಕ್ಷಿಯನ್ನು ಮಾತ್ರ ಯಾರೂ ಕೊಡಬಾರದು. ಹಸಿಯಾಗಲಿ ಒಣಗಿದುದಾಗಲಿ ದ್ರಾಕ್ಷಿಯು ನಾಯಿಯ ಮೂತ್ರಪಿಂಡಗಳಿಗೆ ವಿಷ.

ಹತ್ತನೆಯ ದಿನದ ಹೊತ್ತಿಗೆ, ಮುದಿನಾಯಿ ಕಂಡೊಡನೆ ರಾಜಾ ಹುಡುಗನ ಮುಖವನ್ನು ನೋಡಿತು. ಇದನ್ನು ಕಂಡಾಗ ನಮಗಾದ ಸಂತೋಷವು ಒಂದು ಹೊಸ ಶಾಸನ ಸಿಕ್ಕಾಗಿನದಕ್ಕೆ ಕಡಿಮೆಯದಲ್ಲ. ವೈರಿಯೆಂಬ ಸಂಕೇತದ ಅರ್ಥವು ಬದಲಾಗತೊಡಗಿತ್ತು. ಅಲ್ಲಿಂದ ದೂರವನ್ನು ಎರಡೆರಡು ಮಾರು ಕಡಿಮೆಮಾಡಲಾಯಿತು. ಎರಡು ಸಲ ಆತುರಪಟ್ಟು ಕೆಡಿಸಿ, ಮತ್ತೆ ಹಿಂದಕ್ಕೆ ಹೋಗಬೇಕಾಯಿತು.

ಓಣಿಯ ಕಷ್ಟವೆಂದರೆ ಅಲ್ಲಿ ದೂರವು ನಮ್ಮ ಕೈಯಲ್ಲಿಲ್ಲ. ಮೂಲೆಯಿಂದ ನಾಯಿ ಥಟ್ಟನೆ ಎದುರಾಗಬಹುದು. ಅದಕ್ಕಾಗಿ ಮನೆಯಂಗಳದಲ್ಲಿಯೇ ಒಂದು ತಿರುಗುವಿಕೆಯನ್ನು ಕಲಿಸಿದೆವು. ‘ಬಾ ಹಿಂಗ’ ಎಂದೊಡನೆ ಹಿಡಿದವನೂ ನಾಯಿಯೂ ಒಟ್ಟಿಗೆ ಬಂದ ದಾರಿಗೆ ತಿರುಗಬೇಕು. ಹಗ್ಗವನ್ನು ಎಳೆಯದೆ, ಧ್ವನಿ ಏರಿಸದೆ, ಆಟದಂತೆ. ನೂರು ಸಲ ಯಾವ ನಾಯಿಯೂ ಇಲ್ಲದಾಗ ತಿರುಗಿದ ಮೇಲೆಯೇ ನೂರೊಂದನೆಯ ಸಲ ನಾಯಿಯೆದುರಿಗೆ ತಿರುಗೀತು. ನಿಂತ ಎತ್ತಿನಗಾಡಿ, ಟ್ರ್ಯಾಕ್ಟರು, ಕಟ್ಟೆ ಇವುಗಳ ಮರೆಯನ್ನು ಉಪಯೋಗಿಸಿಕೊಳ್ಳುವುದನ್ನೂ ಹುಡುಗನು ಬೇಗನೆ ಕಲಿತನು. ಹಗ್ಗವು ಸಡಿಲವಾಗಿರಬೇಕೆಂಬುದನ್ನು ಕಲಿಯಲು ತಂದೆಗೆ ಮಾತ್ರ ಬಹಳ ದಿನ ಹಿಡಿಯಿತು. ಎದುರು ನಾಯಿಯನ್ನು ಅವನು ಮೊದಲು ಕಂಡರೂ ಅವನ ಮುಷ್ಟಿ ಬಿಗಿಯುತ್ತಿತ್ತು. ನಾಯಿಗೆ ಸುದ್ದಿಯು ಕಣ್ಣಿಗಿಂತ ಮೊದಲು ಹಗ್ಗದಿಂದಲೇ ಮುಟ್ಟುತ್ತಿತ್ತು.

ಓಣಿಯ ನಾಯಿಗಳ ಪಕ್ಷವನ್ನೂ ಹೇಳಬೇಕು. ಅವು ತಮ್ಮ ಸ್ಥಳದಲ್ಲಿವೆ, ಬಂದವನೇ ಪರಸ್ಥಳದವನು. ಸಂತಾನಹರಣ ಮಾಡಿ, ಹುಚ್ಚುನಾಯಿರೋಗಕ್ಕೆ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡುವುದು 2001ರ ನಿಯಮಗಳ ತತ್ತ್ವವಾಗಿದ್ದಿತು. 2023ರ ನಿಯಮಗಳೂ ಅದನ್ನೇ ಆಧರಿಸಿವೆ. ಆ ಕೆಲಸವು ಸರಿಯಾಗಿ ನಡೆದಲ್ಲಿ ಒಂದು ಓಣಿಯ ನಾಯಿಗಳು ವರ್ಷಗಟ್ಟಲೆ ಅವೇ ಆಗಿರುತ್ತವೆ. ಯಾವುದು ಎಲ್ಲಿ ಮಲಗುತ್ತದೆ, ಯಾವುದು ಬೊಗಳಿ ಸುಮ್ಮನಾಗುತ್ತದೆ, ಯಾವುದು ಬೆನ್ನಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳಬಹುದು. ಹುಡುಗನು ಇದರ ಪಟ್ಟಿಯನ್ನೇ ಬರೆದನು. ಮಳೆಗಾಲ ಮುಗಿದು ಕಾರ್ತಿಕ ಬಂತೆಂದರೆ ಬೆದೆಯ ಕಾಲ, ಗಂಡುನಾಯಿಗಳ ಜಗಳ. ಅದರಿಂದ ಎರಡು ತಿಂಗಳಿಗೆ ಮರಿಗಳು, ತಾಯಿನಾಯಿಯ ಸಿಟ್ಟು. ಆ ಅವಧಿಯಲ್ಲಿ ಬಣವೆಯ ದಾರಿಯೂ ಸುರಕ್ಷಿತವಲ್ಲ, ಏಕೆಂದರೆ ಮರಿ ಹಾಕುವುದು ಬಣವೆಯ ಬುಡದಲ್ಲಿಯೇ. ಬೆನ್ನಟ್ಟಿ ಬಂದ ನಾಯಿಗಳನ್ನು ತಡೆಯಲು ಕಲ್ಲು ಎತ್ತಿಕೊಳ್ಳುವವನಂತೆ ಬಗ್ಗುವುದು ನಮ್ಮ ಎಲ್ಲ ಹಳ್ಳಿಗಳಲ್ಲಿಯೂ ತಿಳಿದ ಉಪಾಯ, ಅದು ಸಫಲವೂ ಹೌದು. ಆದರೆ ಹಗ್ಗದಲ್ಲಿ ನಾಯಿಯಿದ್ದಾಗ ನಮ್ಮ ಆ ಚಲನೆಯಿಂದ ಅದಕ್ಕೂ ಕೆರಳಿಕೆ. ಅದಕ್ಕಿಂತ ಒಂದು ಹಿಡಿ ರೊಟ್ಟಿಚೂರನ್ನು ಅವುಗಳ ಕಡೆಗೆ ಎರಚಿ ಸರಿದುಹೋಗುವುದು ಮೇಲು. ಕುರಿಹಿಂಡಿನೊಡನೆ ಬರುವ ನಾಯಿಗಳ ಮಾತು ಬೇರೆ. ಅವು ಹಿಂಡನ್ನು ಕಾಯುವ ಕರ್ತವ್ಯದಲ್ಲಿರುತ್ತವೆ. ಹಿಂಡು ದೂರದಲ್ಲಿ ಕಂಡಾಗಲೇ ದಾರಿ ಬಿಟ್ಟುಕೊಡಬೇಕು.

ಈ ಉಪಾಯವು ಎಲ್ಲ ನಾಯಿಗಳಿಗೂ ಒಂದೇ ರೀತಿಯಾಗಿ ಒಗ್ಗದು. ಸದಾ ಶಾಂತವಾಗಿದ್ದ ನಾಯಿ ಥಟ್ಟನೆ ಸಿಟ್ಟಿನದಾದರೆ ಕಿವಿ, ಹಲ್ಲು, ಕೀಲುಗಳ ನೋವನ್ನು ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಸಣ್ಣ ನಾಯಿಗಳನ್ನು ಮೊಲವೆಂಬಂತೆ ಸದ್ದಿಲ್ಲದೆ ಹಿಂಬಾಲಿಸುವ ನಾಯಿಯ ತೊಂದರೆ ಭಯದ್ದಲ್ಲ, ಬೇಟೆಯದು. ಅದಕ್ಕೆ ರೊಟ್ಟಿಚೂರನ್ನು ನಂಬಬಾರದು. ಹಿಂದೆ ಕಚ್ಚಿದ ನಾಯಿಗೆ, ಎತ್ತಿನ ಬಾಯಿಕುಕ್ಕೆಯಂತೆ ಉಸಿರಾಟಕ್ಕೂ ನೀರು ಕುಡಿಯಲಿಕ್ಕೂ ಎಡೆಯಿರುವ ಕುಕ್ಕೆಯನ್ನು ಮೊದಲು ಮನೆಯಲ್ಲಿ ರೂಢಿಮಾಡಿಸಿ ತೊಡಿಸುವುದು ಅವಮಾನವಲ್ಲ. ಎರಡು ನಾಯಿಗಳ ನಡುವೆ ಕೈಹಾಕಬಾರದು. ಕೆರಳಿದ ನಾಯಿಯ ಕೊರಳಿಗೂ ಕೈಹಾಕಬಾರದು. ಹುಡುಗನಿಗಾದ ಗಾಯವು ಅವನ ಮೇಲಿನ ದ್ವೇಷದಿಂದಲ್ಲ, ಎದುರಿನ ನಾಯಿಗೆ ಮುಟ್ಟದ ಸಿಟ್ಟು ಮುಟ್ಟಿದ ಕೈಯ ಮೇಲೆ ತಿರುಗಿದುದರಿಂದ. ಹೀಗಿದ್ದರೂ ಗಾಯವು ಗಾಯವೇ. ಸಾಕಿದ ನಾಯಿ ಕಚ್ಚಿದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಹುಡುಗನನ್ನು ಅಂದೇ ಆಸ್ಪತ್ರೆಗೆ ಒಯ್ದಿದ್ದರೆಂಬುದು ಸಮಾಧಾನದ ಸಂಗತಿ.

ಮರಿ ತರುವವರಿಗೆ ಒಂದು ಮಾತು. ಸ್ಕಾಟ್ ಮತ್ತು ಫುಲ್ಲರ್ ಎಂಬ ಅಮೆರಿಕದ ವಿದ್ವಾಂಸರು ಅನೇಕ ವರ್ಷಗಳ ಪ್ರಯೋಗದ ಫಲವನ್ನು 1965ರಲ್ಲಿ ಪ್ರಕಟಿಸಿ, ಮರಿಯ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯು ಅದರ ಸಾಮಾಜಿಕ ಜೀವನಕ್ಕೆ ನಿರ್ಣಾಯಕವೆಂದು ತೋರಿಸಿದರು. ರಾಜಾ ಒಂಬತ್ತನೆಯ ವಾರದಲ್ಲಿ ಸಿರಸಂಗಿಗೆ ಬಂದು, ಯಾರಾದರೂ ಕದ್ದಾರೆಂಬ ಭಯದಿಂದ ಆರು ತಿಂಗಳು ಅಂಗಳದ ಗೋಡೆಯೊಳಗೆ ಬೆಳೆಯಿತು. ಬೆಲೆಬಾಳುವ ಮರಿಗಳಿಗೆಲ್ಲ ಸಾಮಾನ್ಯವಾಗಿ ಒದಗುವ ಗತಿಯಿದು.

ನಾವು ಮರುವರ್ಷ ಆ ಊರಿಗೆ ಹೋದಾಗ ನಾಯಿಯು ಹೊಲದಲ್ಲಿರಲಿಲ್ಲ, ಮನೆಯಲ್ಲಿಯೇ ಇತ್ತು. ಓಣಿಯಲ್ಲಿ ಎಂಟು ಹತ್ತು ಮಾರಿನ ದೂರದಲ್ಲಿ ಪರಿಚಯದ ನಾಯಿಗಳನ್ನು ದಾಟುತ್ತದೆ. ಅಪರಿಚಿತ ನಾಯಿಗೆ ಈಗಲೂ ಇಪ್ಪತ್ತು ಬೇಕು. ಹುಡುಗನ ತಾಯಿಯು ಇನ್ನೂ ಅದರ ಹಗ್ಗವನ್ನು ಹಿಡಿಯುವುದಿಲ್ಲ, ಆದರೆ ರೊಟ್ಟಿಗೆ ತುಪ್ಪ ಸವರಿ ಚೂರು ಮಾಡಿಕೊಡುವವಳು ಅವಳೇ. ಯುಗಾದಿಯ ವೇಳೆಗೆ ಕಾಳಮ್ಮನ ಜಾತ್ರೆ ಕೂಡಿ, ಊರಿಗೆ ಪರಸ್ಥಳದ ಜನವೂ ನಾಯಿಗಳೂ ತುಂಬಿದಾಗ, ಆ ದಿನಗಳಲ್ಲಿ ರಾಜಾನನ್ನು ಬೆಳಗಿನ ನಾಲ್ಕು ಗಂಟೆಗೇ ಬಣವೆಯ ದಾರಿಯಿಂದ ಹೊಲಕ್ಕೆ ಒಯ್ದು, ಸುತ್ತಲೂ ಬೇಲಿಯಿರುವ ತೋಟದಲ್ಲಿ ಹಗ್ಗ ಬಿಚ್ಚಿ ಓಡಲು ಬಿಡುತ್ತಾರೆ.